ಮೂಕ ಪಕಾರದ ಪ್ರಸಂಗ

ಪಾಠ ಹೇಳಿದವನು ತಾನು ಹೇಳಿದ ಪಾಠವನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಕೊಟ್ಟ ದಾನವನ್ನು ಮರಳಿ ಕೇಳಿದಷ್ಟೇ ನಾಚಿಕೆಯ ಕೆಲಸ. ಆದರೂ ಅದನ್ನು ಮಾಡದೆ ನಿರ್ವಾಹವಿಲ್ಲವಾದುದರಿಂದ ವಾಚಕಮಹಾಶಯರಲ್ಲಿ ಈ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

ನಾನು ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿ, ಸಂಸ್ಕೃತದ ಪಂಡಿತನಾಗಿ ಹೈಸ್ಕೂಲನ್ನು ಸೇರಿದವನು. 1988ರ ಸುಮಾರಿನಲ್ಲಿ ಇಂಗ್ಲಿಷಿನ ಉಪಾಧ್ಯಾಯರು ವರ್ಗವಾಗಿ ಹೋಗಿ, ಅವರ ಸ್ಥಳಕ್ಕೆ ಬೇರೊಬ್ಬರು ಬಾರದೆ, ಎರಡು ವರ್ಷ ಆ ಪಾಠವೂ ನನ್ನ ತಲೆಗೇ ಬಂದಿತು. ಆಗ ನನ್ನನ್ನು ಬಹಳವಾಗಿ ಕಾಡಿದವು ಆ ಭಾಷೆಯ ಮೂಕಾಕ್ಷರಗಳು. ಪಾಣಿನಿಯ ಶಾಸ್ತ್ರದಲ್ಲಿಯೂ ‘ಇತ್’ ಎಂಬ ಅಕ್ಷರಗಳುಂಟು. ಅವು ಧಾತುವಿಗೋ ಪ್ರತ್ಯಯಕ್ಕೋ ಅಂಟಿಕೊಂಡು ಬಂದು, ಮಾಡತಕ್ಕ ಕಾರ್ಯವನ್ನು ಸೂಚಿಸಿ, ತಾವು ಲೋಪವಾಗುತ್ತವೆ. ಇಂಗ್ಲಿಷಿನಲ್ಲಿ ‘ಕಿಟ್’ ಎಂಬುದರ ಕೊನೆಗೆ ‘ಇ’ ಎಂಬ ಅಕ್ಷರವನ್ನು ಸೇರಿಸಿದರೆ ‘ಕೈಟ್’ ಆಗುವುದಷ್ಟೆ. ತಾನು ನುಡಿಯದೆ ಹಿಂದಣ ಸ್ವರವನ್ನು ಮಾರ್ಪಡಿಸುವ ಈ ಅಕ್ಷರವು ಸಾಕ್ಷಾತ್ ಇತ್ತೇ ಎಂದು ನಾನು ಹಿಗ್ಗಿದ್ದುಂಟು. ಆದರೆ ಒಂದು ದಿನ ‘ಟೆರೊಡ್ಯಾಕ್ಟಿಲ್’ ಎಂಬ ಶಬ್ದ ಬಂದಾಗ ಮುಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ನುಡಿಯದ ‘ಪಿ’ಯನ್ನು ಮೊದಲಿಗೇ ಬರೆಯುವುದೇತಕ್ಕೆ, ಸಾರ್? ಅದಕ್ಕೇನು ಕೆಲಸ?” ಎಂದು ಕೇಳಿದನು. ನಾಳೆ ಹೇಳುವೆನೆಂದು ಅವನನ್ನು ಕೂರಿಸಿದೆನು.

ಆ ರಾತ್ರಿ ನಿಘಂಟಿನಲ್ಲಿ ‘ಪಿ, ಟಿ’ಗಳಿಂದ ಮೊದಲಾಗುವ ಶಬ್ದಗಳನ್ನೆಲ್ಲ ನೋಡಿದೆನು. ಅವು ಬಹುಮಟ್ಟಿಗೆ ಗ್ರೀಕಿನಿಂದ ಬಂದವು. ಗ್ರೀಕರು ಎರಡನ್ನೂ ನುಡಿಯುತ್ತಿದ್ದರು. ಇಂಗ್ಲಿಷರ ನಾಲಗೆಯಲ್ಲಿ ಪಕಾರವು ಬಿದ್ದುಹೋಗಿ ಬರಹದಲ್ಲಿ ಮಾತ್ರ ಉಳಿಯಿತು. ಇದಕ್ಕಾಗಿ ಅವರನ್ನು ನಗುವಂತಿಲ್ಲ. ಅಶೋಕನ 13ನೆಯ ಶಿಲಾಶಾಸನದಲ್ಲಿ ಟಾಲೆಮಿ ಎಂಬ ಯವನರಾಜನ ಹೆಸರು ‘ತುರಮಾಯ’ ಎಂದು ಪಕಾರವಿಲ್ಲದೆಯೇ ಬಂದಿದೆ. ಇನ್ನು ಟೆರೊಡ್ಯಾಕ್ಟಿಲ್ ಎಂದರೆ ‘ರೆಕ್ಕೆ-ಬೆರಳು’. ನೀಳವಾದ ಒಂದು ಬೆರಳಿನ ಆಸರೆಯಿಂದ ರೆಕ್ಕೆಯನ್ನು ಹರಡಿ ಹಾರುತ್ತಿದ್ದ ಪುರಾತನ ಸರೀಸೃಪಕ್ಕೆ ಫ್ರಾನ್ಸಿನ ಕ್ಯುವಿಯೇ ಎಂಬ ಪಂಡಿತನು 1809ರಲ್ಲಿ ಇಟ್ಟ ಹೆಸರಿದು. ಇಲ್ಲಿಯ ‘ಪ್ಟೆರೊನ್’ ಎಂಬ ರೆಕ್ಕೆಯೂ ನಮ್ಮ ಪತತ್ರ, ಪತಂಗ ಶಬ್ದಗಳೂ ಒಂದೇ ಮೂಲದವು.

ನಮ್ಮ ‘ಪತ್’ ಧಾತುವಿಗೆ ಹಾರುವುದು, ಬೀಳುವುದು ಎಂದು ಎರಡರ್ಥಗಳು. ಗ್ರೀಕಿನಲ್ಲಿಯೂ ಅದೇ ವಂಶದಲ್ಲಿ ಬೀಳುವಿಕೆಯ ಶಬ್ದಗಳುಂಟು. ಕಣ್ಣಿನ ಮೇಲ್ರೆಪ್ಪೆ ಜೋಲುಬೀಳುವುದನ್ನು ವೈದ್ಯರು ‘ಟೋಸಿಸ್’ ಎನ್ನುತ್ತಾರೆ. ಗ್ರೀಕ್ ವೈಯಾಕರಣರು ವಿಭಕ್ತಿಗೂ ಇದೇ ಹೆಸರನ್ನಿಟ್ಟಿದ್ದರು. ಕೊಳೆತ ದೇಹದಲ್ಲಿ ಹುಟ್ಟುವ ಪದಾರ್ಥಗಳಿಗೆ ಇಟಲಿಯ ಸೆಲ್ಮಿ ಎಂಬ ರಸಾಯನಶಾಸ್ತ್ರಜ್ಞನು ಕೊಟ್ಟ ‘ಟೊಮೇನ್’ ಎಂಬ ಹೆಸರಿನಲ್ಲಿರುವುದು ‘ಬಿದ್ದ ದೇಹ’, ಎಂದರೆ ಹೆಣ. ಇವೆರಡೂ ಮೂಕ ಪಕಾರದವೇ. ಶಬ್ದದ ನಡುವೆ ಬಂದಾಗ ಮಾತ್ರ ಈ ಮೂಕನಿಗೆ ಬಾಯಿ ಬರುತ್ತದೆ: ಸುರುಳಿಯಾಗಿ ಸುತ್ತುವ ರೆಕ್ಕೆಯುಳ್ಳದ್ದು ಹೆಲಿಕಾಪ್ಟರ್, ಕೂಡಿ ಬೀಳುವುದು ಸಿಂಪ್ಟಮ್. ನಮ್ಮ ವೈದ್ಯರ ‘ಸನ್ನಿಪಾತ’ಕ್ಕೂ ಕೂಡಿ ಬೀಳುವುದೆಂದೇ ಅರ್ಥವಲ್ಲವೆ?

ಮಾರನೆಯ ದಿನ ಇದನ್ನೆಲ್ಲ ತರಗತಿಯಲ್ಲಿ ಬಿಡಿಸಿ ಹೇಳಿ, ‘ಪಕಾರದ ಕೆಲಸ ಕುಲವನ್ನು ಸೂಚಿಸುವುದು’ ಎಂದು ಸಿದ್ಧಾಂತ ಮಾಡಿದೆನು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಅದೇ ಪುಟದಲ್ಲಿ ‘ಟಾರ್ಮಿಗನ್’ ಎಂಬ ಇನ್ನೊಂದು ಶಬ್ದವಿತ್ತು. ಅದು ಸ್ಕಾಟ್ಲೆಂಡಿನ ಎತ್ತರದ ಬೆಟ್ಟಗಳಲ್ಲಿರುವ ಒಂದು ಹಕ್ಕಿ. ಬೇಸಗೆಯಲ್ಲಿ ಕಂದು, ಚಳಿಗಾಲದಲ್ಲಿ ಹಿಮದಂತೆ ಬಿಳಿ. ಕಾಲ್ಬೆರಳುಗಳಿಗೂ ಗರಿಯ ಹೊದಿಕೆ. ಮೊದಲಿಗೆ ಮೂಕ ಪಕಾರ, ಅರ್ಥವೋ ಹಕ್ಕಿ, ಇನ್ನೇನು ಬೇಕು? “ಇದೂ ನಮ್ಮ ಪತ್ ಧಾತುವಿನ ಮಗುವೇ” ಎಂದುಬಿಟ್ಟೆನು. ಹುಡುಗರು ಬರೆದುಕೊಂಡರು.

ನಿವೃತ್ತನಾದ ಮೇಲೆ ಇಂಗ್ಲಿಷ್ ಶಬ್ದಗಳ ವ್ಯುತ್ಪತ್ತಿಯನ್ನು ತಿಳಿಸುವ ದೊಡ್ಡ ಕೋಶವೊಂದನ್ನು ಕೊಂಡೆನು. ಹಳೆಯ ಪ್ರೀತಿಯಿಂದ ಆ ಪುಟವನ್ನು ತೆರೆದಾಗ ಎದೆ ಧಸಕ್ಕೆಂದಿತು. ಟಾರ್ಮಿಗನ್ ಶಬ್ದವು ಗ್ರೀಕಿನದಲ್ಲ; ಸ್ಕಾಟ್ಲೆಂಡಿನ ಗುಡ್ಡಗಾಡಿನ ಗೇಲಿಕ್ ಭಾಷೆಯ ‘ಟಾರ್ಮಖನ್’ ಎಂಬುದರಿಂದ ಬಂದದ್ದು. ಅದರಲ್ಲಿ ಪಕಾರದ ಸುಳಿವೇ ಇಲ್ಲ. ಎಡಿನ್‌ಬರೊ ನಗರದ ವೈದ್ಯನೂ ಪ್ರಕೃತಿಶಾಸ್ತ್ರಜ್ಞನೂ ಆದ ರಾಬರ್ಟ್ ಸಿಬಾಲ್ಡನು 1684ರಲ್ಲಿ, ಗ್ರೀಕಿನ ರೆಕ್ಕೆಯ ಶಬ್ದಕ್ಕೆ ಮರುಳಾಗಿ, ಅದನ್ನು ಮುಂದೆ ಸೇರಿಸಿದನಂತೆ. ಕುರುಬನ ಬಾಯಲ್ಲಿ ಶುದ್ಧವಾಗಿದ್ದ ಶಬ್ದವು ಪಂಡಿತನ ಕೈಯಲ್ಲಿ ಕೆಟ್ಟಿತು. ಅವನು ಗ್ರೀಕಿನ ಮೋಹದಿಂದ ಪಕಾರವನ್ನು ತಂದನು. ನಾನು ಸಂಸ್ಕೃತದ ಮೋಹದಿಂದ ಆ ಪಕಾರಕ್ಕೆ ಗೋತ್ರವನ್ನು ಹೇಳಿದೆನು. ಇಬ್ಬರೂ ಹಕ್ಕಿಯ ಊರಿನವರನ್ನು ಕೇಳಲಿಲ್ಲ.

ಹೋದ ದೀಪಾವಳಿಯಲ್ಲಿ ಆ ಮುಂದಿನ ಬೆಂಚಿನ ಹುಡುಗನು ಮನೆಗೆ ಬಂದನು. ಈಗ ತಲೆ ನರೆತ ಹಿರಿಯ ಉಪಾಧ್ಯಾಯ. ನಮಸ್ಕರಿಸಿ ಕುಳಿತು, “ತಾವು ಹೇಳಿದ ಆ ಹಕ್ಕಿಯ ಪಾಠವನ್ನು ಪ್ರತಿ ವರ್ಷವೂ ನಾನು ಮಕ್ಕಳಿಗೆ ಹೇಳುತ್ತೇನೆ, ಸಾರ್. ಅವರಿಗೆ ಅದೆಂದರೆ ಪ್ರಾಣ” ಎಂದನು. ಸತ್ಯವನ್ನು ಹೇಳುವುದಕ್ಕೆ ಅದೇ ಸಮಯವಾಗಿತ್ತು. ಹೆಂಡತಿ ಕಜ್ಜಾಯದ ತಟ್ಟೆಯನ್ನು ತಂದಿಟ್ಟಳು; ಅವನು ಸಂತೋಷದಿಂದ ತಿಂದನು; ನಾನು ಸುಮ್ಮನಿದ್ದೆನು. ಅವನು ಬೀದಿಯ ತಿರುವನ್ನು ದಾಟಿಹೋದ ಮೇಲೆ ಈ ಲೆಕ್ಕ ಮನಸ್ಸಿಗೆ ಬಂದಿತು: ನನ್ನ ತಪ್ಪನ್ನು ಅದೆಷ್ಟು ವರ್ಷಗಳಿಂದ ಎಷ್ಟು ಮಕ್ಕಳು ನಂಬಿ ಬರೆದುಕೊಂಡಿದ್ದಾರೆ! ಗುರುಪರಂಪರೆಯಲ್ಲಿ ವಿದ್ಯೆ ಮಾತ್ರವೇ ಇಳಿದುಬರುವುದಿಲ್ಲ.

ಎಂಟು ದಿನ ತಡೆದು ಕಾಗದ ಬರೆದೆನು. ಅವನು ಕೋಪಿಸಿಕೊಳ್ಳಲಿಲ್ಲ. ಮಕ್ಕಳಿಗೆ ಎಲ್ಲವನ್ನೂ ತಿಳಿಸಿದನೆಂದೂ, ಹುಡುಗಿಯೊಬ್ಬಳು ಎದ್ದು “ಹಾಗಾದರೆ ಇನ್ನು ಮೇಲೆ ಪಿಯನ್ನು ಬಿಟ್ಟು ಬರೆಯೋಣವೆ?” ಎಂದು ಕೇಳಿದಳೆಂದೂ, ಇದಕ್ಕೆ ಉತ್ತರವನ್ನು ತಾವೇ ದಯಪಾಲಿಸಬೇಕೆಂದೂ ಬರೆದಿದ್ದಾನೆ.

ಉತ್ತರವಿಷ್ಟೆ. ಶಾಸ್ತ್ರದಲ್ಲಿ ಯೋಗಕ್ಕಿಂತ ರೂಢಿ ಬಲವಾದದ್ದು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಲೋಕವು ಒಪ್ಪಿಕೊಂಡ ಪಕಾರವನ್ನು ಪರೀಕ್ಷೆಯಲ್ಲಿ ಬಿಟ್ಟರೆ ಅಂಕಗಳು ಹೋಗುತ್ತವೆ; ಆದುದರಿಂದ ಬರೆಯಲಿ. ಆದರೆ ಅದರ ತಂದೆ ಯಾರೆಂದು ಕೇಳಿದಾಗ ಗ್ರೀಕನನ್ನೂ ತೋರಿಸುವುದು ಬೇಡ, ನಮ್ಮ ಪತ್ ಧಾತುವನ್ನೂ ತೋರಿಸುವುದು ಬೇಡ. ಪಂಡಿತನೊಬ್ಬನು ತಪ್ಪಿ ಇಟ್ಟದ್ದೆಂದು ಹೇಳಲಿ. ಇನ್ನೊಬ್ಬನು ಅದನ್ನು ತಪ್ಪಾಗಿ ಕಲಿಸಿದ್ದನೆಂದೂ ಸೇರಿಸಲಿ.