ಞ ಅಕ್ಷರಕ್ಕೆ ಕೆಲಸ ಸಿಕ್ಕಿತು

ಮಕ್ಕಳೇ, ನಿಮಗೊಂದು ಪ್ರಶ್ನೆ. ನಮ್ಮ ವರ್ಣಮಾಲೆಯಲ್ಲಿ ನೀವು ಅತಿ ಕಡಿಮೆ ಬರೆದಿರುವ ಅಕ್ಷರ ಯಾವುದು? ನಮ್ಮ ತರಗತಿಯಲ್ಲಿ ಕೇಳಿದಾಗ "ಞ!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. "ಙ"ಗೂ ಎರಡು ವೋಟು ಬಿತ್ತು ಅನ್ನಿ. ನಿಜವೇ. "ಜ್ಞಾನ", "ವಿಜ್ಞಾನ" ಬರೆಯುವಾಗ ಞ ಪಾಪ, ಜ ಕೆಳಗೆ ಒತ್ತಾಗಿ ಮುದುರಿಕೊಂಡು ಕೂತಿರುತ್ತೆ. ಅದಕ್ಕೆ ಸ್ವಂತ ಮನೆಯೇ ಇಲ್ಲ. ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮ ಆಫೀಸಿನ ಮಾತಿನಲ್ಲಿ ಹೇಳೋದಾದರೆ ಅದು ಯಾರೂ ಕರೆಯದ ಫಂಕ್ಷನ್. ಆದರೆ ಅದನ್ನು ಡಿಲೀಟ್ ಮಾಡೋ ಮುಂಚೆ ಈ ಕತೆ ಓದಿ.

ಮೆಲ್ಬರ್ನ್‌ನಲ್ಲಿರುವ ನಮಗೆಲ್ಲ ಕಾರ್ಲ್ಟನ್‌ನ ಲೈಗನ್ ಸ್ಟ್ರೀಟ್ ಗೊತ್ತೇ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯಿಂದ ಹಡಗು ಹತ್ತಿ ಬಂದ ಸಾವಿರಾರು ಜನರಲ್ಲಿ ಅನೇಕರು ಆ ಭಾಗದಲ್ಲೇ ನೆಲೆಸಿ ಕಾಫಿ ಅಂಗಡಿ, ಹೋಟೆಲು, ದಿನಸಿ ಅಂಗಡಿ ಇಟ್ಟರು. ಆ ರಸ್ತೆಯಿಂದ ಸ್ವಲ್ಪ ಒಳಗೆ, ಹನ್ನೆರಡೇ ಮೇಜುಗಳಿರುವ ಒಂದು ಇಟಾಲಿಯನ್ ರೆಸ್ಟೋರೆಂಟ್ ನಮ್ಮ ಮನೆಯವರಿಗೆಲ್ಲ ಅಚ್ಚುಮೆಚ್ಚು. ಹುಟ್ಟುಹಬ್ಬವಾಗಲಿ, ನೆಂಟರು ಬರಲಿ, ನೆಪ ಯಾವುದಾದರೂ ನಾವು ಹೋಗೋದು ಅಲ್ಲಿಗೇ.

ಕಳೆದ ಜುಲೈನ ಚಳಿಯಲ್ಲಿ ನನ್ನ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ. ಐದನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತೆ, ಆದರೆ ಉತ್ತರ ಬರೋದು ಇಂಗ್ಲಿಷಿನಲ್ಲಿ. ಈ ಪರಿಸ್ಥಿತಿ ನಿಮ್ಮಲ್ಲಿ ಬಹಳ ಮನೆಗಳಲ್ಲಿ ಇದೆ ಅಂತ ನನಗೆ ಗೊತ್ತು. ಫೋನಿನಲ್ಲಿ ಇವರಿಬ್ಬರ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. "ಊಟ ಆಯ್ತಾ?" "ಆಯ್ತು ಅಜ್ಜಿ." "ಚೆನ್ನಾಗಿ ಓದ್ತಿದ್ದೀಯಾ?" "ಹೂಂ ಅಜ್ಜಿ." ಅಷ್ಟೇ. ಅಜ್ಜಿ ಮನೆಗೇ ಬಂದರೂ ಮೊದಲ ವಾರ ಅದೇ ಎರಡು ನಿಮಿಷ. ಅದರ ಮೇಲೆ, ಶನಿವಾರ ಬೆಳಿಗ್ಗೆ ನೆಟ್‌ಬಾಲ್ ಇರೋದರಿಂದ ಕನ್ನಡ ಶಾಲೆ ಬಿಡ್ತೀನಿ ಅಂತ ಮಗಳು ಹಟ ಬೇರೆ ಹಿಡಿದಿದ್ದಳು.

ಅಜ್ಜಿಯನ್ನೂ ನಮ್ಮ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆವು. ಎಲ್ಲರ ಕೈಗೂ ಮೆನು ಬಂತು. ಅಜ್ಜಿ ಅದನ್ನು ತಿರುಗಿಸಿ ನೋಡಿ ಮೊಮ್ಮಗಳ ಮುಂದಿಟ್ಟರು. "ನಂಗೂ ಓದೋಕೆ ಬರೋ ಹಾಗೆ ಬರ್ಕೊಡು. ಏನ್ ತಿಂತೀನಿ ಅಂತ ಗೊತ್ತಾಗಬೇಡ್ವಾ?"

ಮೇಜಿನ ಮೇಲೆ ಹಾಸಿದ್ದ ಕಾಗದದ ಅಂಚಿನಲ್ಲಿ ಮಗಳು ಬರೆಯೋಕೆ ಶುರು ಮಾಡಿದಳು. "ಸ್ಪಗೆಟಿ" ಅಂತ ಬರೆಯುವಷ್ಟರಲ್ಲಿ ರೆಸ್ಟೋರೆಂಟಿನ ಯಜಮಾನರು ಬಂದರು. ಎಪ್ಪತ್ತು ದಾಟಿದ ತಾತ. ಏನು ಬರೀತಿದ್ದೀಯ ಅಂತ ಕೇಳಿ, ಒಂದೊಂದೇ ಹೆಸರನ್ನು ತಾವೇ ಹೇಳಿದರು. ಅವರ ಬಾಯಲ್ಲಿ ಅದು "ಸ್ಪಗೆತ್ತಿ" ಆಯಿತು. ಟ ಅಲ್ಲ, ತ. ಅದಕ್ಕೊಂದು ಗಟ್ಟಿ ಒತ್ತು. ಮುಂದಿನದು "ಬ್ರುಸ್ಕೆತ್ತ". ನಾವೆಲ್ಲ ಇಲ್ಲಿ "ಬ್ರುಶೆಟ" ಅಂತೀವಲ್ಲ, ಅದೇ. ಇಂಗ್ಲಿಷಿಗೆ ತ ಮತ್ತು ಟ ಬೇರೆ ಬೇರೆ ಅಲ್ಲ, ಒತ್ತಕ್ಷರದ ಹಂಗೂ ಇಲ್ಲ. ಕನ್ನಡಕ್ಕೆ ಎರಡೂ ಬೇಕು.

ಆಮೇಲೆ ಬಂತು ನೋಡಿ, ಆಲೂಗಡ್ಡೆ ಉಂಡೆಗಳ ತಿಂಡಿ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಮಗಳು "ಗ್ನೋಚಿ" ಅಂದಳು. ತಾತ ನಕ್ಕು ಸರಿಯಾಗಿ ಹೇಳಿಕೊಟ್ಟರು. ಮಗಳ ಪೆನ್ನು ಅಲ್ಲೇ ನಿಂತಿತು. ಅಜ್ಜಿ ಪೆನ್ನು ತೆಗೆದುಕೊಂಡು, ಒಂದು ಕ್ಷಣವೂ ಯೋಚಿಸದೆ ಬರೆದರು: ಞೊಕ್ಕಿ.

"ಅಜ್ಜೀ, ಞ!" ಅಂತ ಮಗಳು ಕೂಗಿದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಲಸಾಞ್ಞದಲ್ಲೂ ಅದೇ ಅಕ್ಷರ. ಅದೂ ಒತ್ತು ಸಮೇತ!

ಇಟಾಲಿಯನ್ನಿನಲ್ಲಿ ಒತ್ತು ತಪ್ಪಿದರೆ ಅರ್ಥವೇ ಬದಲಾಗುತ್ತೆ. "ನೊನ್ನೊ" ಅಂದರೆ ತಾತ, "ನೊನೊ" ಅಂದರೆ ಒಂಬತ್ತನೆಯದು. ಇದನ್ನು ಕೇಳಿದ ಅಜ್ಜಿ, "ನಮ್ಮಲ್ಲೂ ಹಾಗೇ ಅಲ್ವೇನೇ? ಕತೆ ಹೇಳು ಅನ್ನೋದಕ್ಕೆ ಕತ್ತೆ ಹೇಳು ಅಂದ್ರೆ ಏನಾಗುತ್ತೆ?" ಅಂದರು. ಅಲ್ಲಿಂದ ಶುರುವಾದ ನಗು ಊಟ ಬರೋವರೆಗೂ ನಿಲ್ಲಲಿಲ್ಲ.

ಊಟದ ವಿಷಯಕ್ಕೆ ಬರೋಣ. ನಮ್ಮದು ಸಸ್ಯಾಹಾರಿ ಮನೆ, ಹಾಗಾಗಿ ಎರಡು ಪ್ರಶ್ನೆ ಕೇಳಿಯೇ ಆರ್ಡರ್ ಮಾಡ್ತೀವಿ. ಒಂದು, ಪಾಸ್ತಾದಲ್ಲಿ ಮೊಟ್ಟೆ ಇದೆಯಾ? ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ ಮತ್ತು ನೀರು. ಆಗ ತಾನೇ ಲಟ್ಟಿಸಿ ಮಾಡಿದ್ದಕ್ಕೆ ಹೆಚ್ಚಾಗಿ ಮೊಟ್ಟೆ ಹಾಕಿರ್ತಾರೆ. ಎರಡು, ಚೀಸ್ ಯಾವುದು? ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದಕ್ಕೇ ಅಜ್ಜಿಗೆ ಚೀಸ್ ಇಲ್ಲದ "ಆಲ್ಯೊ ಎ ಓಲ್ಯೊ" ಹೇಳಿದೆವು. ಹೆಸರಿನ ಅರ್ಥ ಬೆಳ್ಳುಳ್ಳಿ ಮತ್ತು ಎಣ್ಣೆ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ಬೆಂದ ಸ್ಪಗೆತ್ತಿ ಹಾಕಿ ಕಲಸೋದು. ಅಜ್ಜಿ ಒಂದು ತುತ್ತು ತಿಂದು ತೀರ್ಪು ಕೊಟ್ಟರು: "ಶಾವಿಗೆಗೆ ಒಗ್ಗರಣೆ ಹಾಕಿದ್ದಾರೆ. ಚೆನ್ನಾಗಿದೆ. ಸಾಸಿವೆ ಮರೆತಿದ್ದಾರೆ ಅಷ್ಟೆ." ಇದನ್ನು ಯಜಮಾನರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಮಗಳು. ಅವರ ಉತ್ತರವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದ್ದೂ ಅವಳೇ. ನಾನು ಬಾಯಿ ಮುಚ್ಚಿಕೊಂಡು ಊಟ ಮಾಡಿದೆ.

ಬಿಲ್ ತರುವಾಗ ತಾತ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಚಿಕ್ಕಂದಿನಲ್ಲಿ ತಾವೂ ಶನಿವಾರದ ಇಟಾಲಿಯನ್ ಶಾಲೆಗೆ ಗೊಣಗಿಕೊಂಡೇ ಹೋಗ್ತಿದ್ದರಂತೆ. "ನನ್ನ ಮೊಮ್ಮಗನಿಗೆ ನಾನು ಹೇಳೋದು ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡ್ತಾನೆ" ಅಂದರು. ಈ ಮಾತನ್ನೂ ಮಗಳು ಅಜ್ಜಿಗೆ ಹೇಳಬೇಕಿತ್ತು. ಸ್ವಲ್ಪ ತಡೆದು, ಕನ್ನಡದಲ್ಲೇ ಹೇಳಿದಳು.

ಇಟಲಿಯವರಿಗೂ ನಮಗೂ ಪರಿಚಯ ಇವತ್ತಿನದಲ್ಲ. 1623ರಲ್ಲಿ ರೋಮ್‌ನ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಪ್ರವಾಸಿ ಕೆಳದಿ ನಾಯಕರ ಇಕ್ಕೇರಿಗೆ ಹೋಗಿದ್ದ. (ಹೆಸರಿನಲ್ಲೇ ಮೂರು ಒತ್ತಕ್ಷರ ನೋಡಿ!) ದಾರಿಯಲ್ಲಿ ಒಂದು ದೇವಸ್ಥಾನದ ಜಗುಲಿ ಮೇಲೆ ಹುಡುಗರು ಲೆಕ್ಕ ಕಲಿಯೋದನ್ನು ಕಂಡು ಪತ್ರದಲ್ಲಿ ಬರೆದ. ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತಾ, ಬೆರಳಿನಲ್ಲಿ ಬರೀತಿದ್ದರಂತೆ. ಹತ್ತಿರ ಮೇಷ್ಟ್ರು ಯಾರೂ ಇರಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಡ್ತಿದ್ದರು. ನಮ್ಮ ಶನಿವಾರದ ಕ್ಲಾಸಿನ ಗಲಾಟೆ ನೋಡಿದಾಗಲೆಲ್ಲ ನನಗೆ ಆ ಹುಡುಗರು ನೆನಪಾಗ್ತಾರೆ.

ನೆಟ್‌ಬಾಲ್ ವಿಷಯ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ, ಚರ್ಚೆ ನಡೀತಾ ಇದೆ. ಆದರೆ ಅಜ್ಜಿ ಊರಿಗೆ ಹೋದ ಮೇಲೂ ಭಾನುವಾರದ ಫೋನು ಎರಡು ನಿಮಿಷಕ್ಕೆ ಮುಗೀತಿಲ್ಲ. ಯಾವ ಊಟದ ಹೆಸರನ್ನು ಹೇಗೆ ಬರೆಯಬೇಕು ಅನ್ನೋದರ ಮೇಲೆ ಇಬ್ಬರಿಗೂ ಜಗಳ. ಜಗಳ ಪೂರ್ತಿ ಕನ್ನಡದಲ್ಲಿ.

ಮುಂದಿನ ಸಲ ನೀವು ಹೊರಗೆ ಊಟಕ್ಕೆ ಹೋದಾಗ, ಅದು ವಿಯೆಟ್ನಾಮಿ, ಗ್ರೀಕ್ ಯಾವುದೇ ಆಗಲಿ, ನಾಲ್ಕು ತಿಂಡಿಗಳ ಹೆಸರನ್ನು ಕನ್ನಡದಲ್ಲಿ ಬರೆದು ಅಜ್ಜಿಗೋ ತಾತನಿಗೋ ಓದಿ ಹೇಳಿ. ಕನ್ನಡದಲ್ಲಿ ಬರೆಯೋಕಾಗದ ಹೆಸರು ಸಿಕ್ಕಿದರೆ ಶನಿವಾರ ಕ್ಲಾಸಿಗೆ ತನ್ನಿ. ಬೋರ್ಡಿನ ಮೇಲೆ ಎಲ್ಲರೂ ಸೇರಿ ಪ್ರಯತ್ನ ಮಾಡೋಣ. ಅಂದ ಹಾಗೆ, ಙಗೆ ಇನ್ನೂ ಕೆಲಸ ಸಿಕ್ಕಿಲ್ಲ.