ರೈಲಿಲ್ಲದ ಸೀಮೆಯಲ್ಲಿ ರೈಲಿನ ಬಣ್ಣ

ಕಿತ್ತೂರಿನ ಹಾಳುಕೋಟೆಯ ಮೇಲೆ ನಿಂತು ಕಿವಿಗೊಟ್ಟರೆ ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ಮೊರೆತ ಕೇಳಿಸುತ್ತದೆ. ರೈಲಿನ ಕೂಗು ಕೇಳಿಸದು. ಬೈಲಹೊಂಗಲದ ಹತ್ತಿಯ ಪೇಟೆಗೂ ಅದು ಕೇಳಿಸದು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಕೇಳಿಸದು, ಮಲಪ್ರಭೆಯ ದಂಡೆಯ ರಾಮದುರ್ಗಕ್ಕೂ ಕೇಳಿಸದು. 1824ರಲ್ಲಿ ಕಂಪನಿ ಸರಕಾರದ ದಂಡನ್ನು ಇದಿರಿಸಿದ ರಾಣಿ ಚೆನ್ನಮ್ಮನ ನಾಡು ಇದು. ಆಕೆಯ ಸಮಾಧಿಯನ್ನು ಕಾಯ್ದುಕೊಂಡಿರುವ ಊರು ಬೈಲಹೊಂಗಲ. ಇತಿಹಾಸದಲ್ಲಿ ಇಷ್ಟು ದೊಡ್ಡ ಹೆಸರು ಪಡೆದ ಸೀಮೆಗೆ ರೈಲ್ವೆಯ ನಕಾಶೆಯಲ್ಲಿ ಒಂದು ಚುಕ್ಕೆಯ ಸ್ಥಾನವೂ ದೊರೆಯಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಪಡುವಣಕ್ಕೆ ಧಾರವಾಡ, ಲೋಂಡಾ, ಬೆಳಗಾವಿಗಳ ದಾರಿಯನ್ನೂ ಮೂಡಣಕ್ಕೆ ಬಾದಾಮಿ, ಬಾಗಲಕೋಟೆಗಳ ಮೇಲೆ ಹೋಗುವ ಗದಗ–ಹೊಟಗಿ ದಾರಿಯನ್ನೂ ಹಾಸಿದರು. ನಡುವೆ ಉಳಿದ ಎರೆಯ ಬಯಲು ಎತ್ತಿನ ಗಾಡಿಗೇ ಉಳಿಯಿತು, ಆಮೇಲೆ ಬಸ್ಸಿಗೆ.

ಆದುದರಿಂದ ಈ ಸೀಮೆಯವರಿಗೆ ರೈಲೆಂದರೆ ಮನೆಯ ವಸ್ತುವಲ್ಲ, ಪರವೂರಿನ ಗೇಟಿನಲ್ಲಿ ಎದುರಾಗುವ ವಸ್ತು. ಬೈಲಹೊಂಗಲದವರು ಬೆಳಗಾವಿಯಲ್ಲಿ ಅದನ್ನು ಕಾಣುತ್ತಾರೆ. ಅಲ್ಲಿಯ ಟಿಳಕವಾಡಿಯಲ್ಲಿ ಗೇಟುಗಳೇ ಬಡಾವಣೆಯ ಗುರುತು. ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಎಂದು ಹೇಳಿದರೆ ಆಟೋದವನಿಗೆ ಬೇರೆ ವಿಳಾಸ ಬೇಡ. ಸಂಗೊಳ್ಳಿ ರಾಯಣ್ಣನ ಸಮಾಧಿಯನ್ನು ನೋಡಲು ನಂದಗಡಕ್ಕೆ ಹೋದ ಕಿತ್ತೂರಿನವರು ಖಾನಾಪುರದ ಕಡೆಗೆ ಹಳಿಯನ್ನು ಕಾಣುತ್ತಾರೆ, ರಾಮದುರ್ಗದವರು ಬಾದಾಮಿಯ ಕಡೆಗೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಪಡುವಣ ಹಳ್ಳಿಗಳಿಂದ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲಿಗೂ ಈ ಹಳಿ ಅಡ್ಡ ಬರುತ್ತದೆ. ದಿನಾಲೂ ರೈಲನ್ನು ನೋಡುವವನ ಅಂದಾಜು ಒಂದು, ವರ್ಷಕ್ಕೆರಡು ಬಾರಿ ನೋಡುವವನ ಅಂದಾಜು ಇನ್ನೊಂದು. ಗೇಟಿನ ಬಳಿ ಪ್ರಾಣ ನಿಂತಿರುವುದು ಈ ಅಂದಾಜಿನ ಮೇಲೆ.

ಮೀಟರ್ ಗೇಜಿನ ಕಾಲದಲ್ಲಿ ಈ ಚಿಂತೆ ಇಷ್ಟು ಇರಲಿಲ್ಲ. ವೈ.ಪಿ., ವೈ.ಜಿ. ವರ್ಗದ ಉಗಿ ಎಂಜಿನುಗಳ ಮೈ ಇದ್ದಿಲಿನಂತೆ ಕಪ್ಪು. ಆದರೆ ಅವು ತಲೆಯ ಮೇಲೆ ಹೊಗೆಯ ನಿಶಾನೆಯನ್ನು ಹೊತ್ತು ಬರುತ್ತಿದ್ದವು. ಗಿಡಮರಗಳ ಮರೆಯಿಂದ ಮೊದಲು ಹೊಗೆ, ಆಮೇಲೆ ಸದ್ದು, ಕೊನೆಗೆ ಎಂಜಿನು. ಡೀಸೆಲ್ ಬಂದ ಮೇಲೆ ಹೊಗೆ ತೆಳುವಾಯಿತು. ವಿದ್ಯುತ್ತು ಬಂದ ಮೇಲೆ ಹೊಗೆಯೂ ಇಲ್ಲ, ಮೊದಲಿನ ಆರ್ಭಟವೂ ಇಲ್ಲ. ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಬಣ್ಣ ಮಾಡಬೇಕಾಗಿದೆ. ಬ್ರಿಟನ್ನಿನಲ್ಲಿ ಆದುದೂ ಇದೇ. 1960ರ ದಶಕದಲ್ಲಿ ಸದ್ದಿಲ್ಲದೆ ಬರುವ ಹೊಸ ಎಂಜಿನುಗಳು ಹಳಿಯ ಮೇಲಿನ ಕೂಲಿಕಾರರ ಕಣ್ಣಿಗೆ ಬೀಳಲೆಂದು ಅವುಗಳ ಮೋರೆಗೆ ಮೊದಲು ಹಳದಿಯ ತೇಪೆಯನ್ನು, ಬಳಿಕ ಮೋರೆ ತುಂಬ ಹಳದಿಯನ್ನು ಬಳಿದರು.

ನಮ್ಮ ದೇಶದ ಎಂಜಿನುಗಳ ಬಣ್ಣಗಾರಿಕೆಯಲ್ಲಿ ಇಂಥ ಏಕಸೂತ್ರವಿಲ್ಲ. ಸರಕು ಎಳೆಯುವ ಡಬ್ಲ್ಯು.ಎ.ಜಿ.-9 ಎಂಜಿನಿಗೆ ಹಸಿರು ಮೈ, ತೆಳು ಹಳದಿಯ ಪಟ್ಟೆ. ಪ್ರಯಾಣಿಕರ ಗಾಡಿಯ ಡಬ್ಲ್ಯು.ಎ.ಪಿ.-7 ಎಂಜಿನಿಗೆ ಬಿಳಿ ಮೈ, ಕೆಂಪು ಪಟ್ಟೆ. ಡೀಸೆಲ್ ಎಂಜಿನುಗಳಲ್ಲಂತೂ ಒಂದೊಂದು ಶೆಡ್ಡಿನದು ಒಂದೊಂದು ರುಚಿ. ಕಾರಹುಣ್ಣಿಮೆಗೆ ಒಬ್ಬ ರೈತ ಎತ್ತಿನ ಕೊಂಬಿಗೆ ಕೆಂಪು ಹಚ್ಚಿದರೆ ನೆರೆಯವನು ನೀಲಿ ಹಚ್ಚುವುದಿಲ್ಲವೆ? ಹಾಗೆಯೇ ಇದು. ಅನೇಕ ಎಂಜಿನುಗಳ ಮುಂಭಾಗದಲ್ಲಿ ಹಳದಿ–ಕಪ್ಪಿನ ಓರೆಗೆರೆಗಳಿರುತ್ತವೆ. ನೋಟಕ್ಕೆ ಅವು ಅಷ್ಟೇನೂ ಅಂದವಲ್ಲ. ಆದರೆ ಇಡೀ ಎಂಜಿನಿನ ಮೇಲೆ ಗೇಟಿನವನ ಹಿತವನ್ನು ನೆನೆದು ಬಳಿದ ಬಣ್ಣವಿದ್ದರೆ ಅದೊಂದೇ.

ಬಣ್ಣ ಎದ್ದು ಕಾಣುವುದು ತನ್ನಷ್ಟಕ್ಕೆ ತಾನಲ್ಲ, ಹಿನ್ನೆಲೆಯಿಂದ. ಲೋಂಡಾದ ಕಾಡಿನಲ್ಲಿ ಮಳೆಗಾಲದ ಹಸಿರೆಂಜಿನು ಎಲೆಯೊಳಗಿನ ಗಿಣಿಯಂತೆ ಅಡಗಿಬಿಡುತ್ತದೆ. ಅದೇ ಎಂಜಿನು ಬಾದಾಮಿಯ ಕೆಂಗಲ್ಲಿನ ಮುಂದೆ ಎದ್ದು ಕಂಡೀತು. ಅಲ್ಲಿ ಮರೆಯಾಗುವ ಸರದಿ ಕೆಂಪಿನದು. ಬೇಸಗೆಯ ಉತ್ತ ಎರೆಹೊಲದ ಮೇಲೆ ಕಪ್ಪು ಕಾಣದು, ಹಿಂಗಾರಿಯ ಜೋಳ ಮಾಗಿದ ಕಾಲಕ್ಕೆ ಹಳದಿಯ ಪ್ರತಾಪವೂ ಅರ್ಧಕ್ಕಿಳಿಯುತ್ತದೆ. ಓರೆಗೆರೆಯ ಗುಟ್ಟು ಇಲ್ಲಿದೆ: ಹಿನ್ನೆಲೆ ಕಪ್ಪಾದರೆ ಹಳದಿ ಕಾಣುತ್ತದೆ, ಹಳದಿಯಾದರೆ ಕಪ್ಪು ಕಾಣುತ್ತದೆ.

ಹೊತ್ತಿನದೂ ಒಂದು ಆಟವುಂಟು. ಎಲ್ಲಮ್ಮನ ಗುಡ್ಡದಲ್ಲಿ ಸಂಜೆಯ ಹೊತ್ತು ನಿಂತವರು ಇದನ್ನು ಪರೀಕ್ಷಿಸಿ ನೋಡಬಹುದು. ಹಗಲಿನಲ್ಲಿ ಭಂಡಾರವೂ ಕುಂಕುಮವೂ ಸಮನಾಗಿ ಥಳಥಳಿಸುತ್ತವೆ. ಹೊತ್ತು ಮುಳುಗಿ ಮಬ್ಬು ಕವಿದಂತೆ ಕುಂಕುಮ ಮೊದಲು ಕಪ್ಪಿಡುತ್ತದೆ. ಭಂಡಾರ ಇನ್ನೂ ಕೆಲಹೊತ್ತು ಮಿನುಗುತ್ತಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬೊಹೀಮಿಯದ ಪುರ್ಕಿಂಜೆ ಎಂಬ ಶರೀರವಿಜ್ಞಾನಿ ಹೂಗಳನ್ನು ನೋಡಿ ಇದನ್ನೇ ಕಂಡುಕೊಂಡನು. ಬೆಳಕು ಕಡಿಮೆಯಾದಂತೆ ಕಣ್ಣಿನ ಒಲವು ಕೆಂಪಿನಿಂದ ಹಸಿರು–ನೀಲಿಯ ಕಡೆಗೆ ಸರಿಯುತ್ತದೆ. ಎಂದಮೇಲೆ ಅಪಾಯದ ಬಣ್ಣವೆಂದು ಹೆಸರಾದ ಕೆಂಪನ್ನು ಎಂಜಿನಿಗೆ ಬಳಿದರೆ, ಜನ ಹೊಲದಿಂದ ಮನೆಗೆ ಮರಳುವ ಹೊತ್ತಿಗೆ ಸರಿಯಾಗಿ ಅದು ಕೈಕೊಡುತ್ತದೆ.

2023ರ ಸೆಪ್ಟೆಂಬರ್ 24ರಂದು ನಮ್ಮ ಗಡಿನಾಡಾದ ಕಾಸರಗೋಡಿನಿಂದ ತಿರುವನಂತಪುರಕ್ಕೆ ಕಿತ್ತಳೆ ಬಣ್ಣದ ಮೊದಲ ವಂದೇ ಭಾರತ್ ಗಾಡಿ ಹೊರಟಾಗ ಬಣ್ಣದ ಚರ್ಚೆ ದೇಶದಲ್ಲೆಲ್ಲ ಎದ್ದಿತು. ಹಳದಿ ಮತ್ತು ಕಿತ್ತಳೆ, ಇವೆರಡೇ ಮನುಷ್ಯನ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣಗಳೆಂದು ರೈಲ್ವೆ ಸಚಿವರು ಆಗ ವಿವರಣೆ ಕೊಟ್ಟರು. ರಾಜಕೀಯವನ್ನು ಬದಿಗಿಟ್ಟು ನೋಡಿದರೆ ಆ ಮಾತಿನಲ್ಲಿ ಹುರುಳಿದೆ. ಆದರೆ ಅದು ಅರ್ಧ ಮಾತು. ಗೇಟಿನ ಬಳಿ ಸಾಯುವವರೆಲ್ಲ ರೈಲನ್ನು ಕಾಣದೆ ಸಾಯುವುದಿಲ್ಲ; ಕಂಡೂ ಸಾಯುವವರಿದ್ದಾರೆ.

ಅಮೆರಿಕೆಯ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹರ್ಷಲ್ ಲೀಬೋವಿಟ್ಸ್ 1985ರಲ್ಲಿ ಇದಕ್ಕೆ ಕಾರಣವನ್ನು ಸೂಚಿಸಿದರು. ಗಾತ್ರದಲ್ಲಿ ದೊಡ್ಡದಾದ ವಸ್ತು ಚಿಕ್ಕದಕ್ಕಿಂತ ನಿಧಾನವಾಗಿ ಚಲಿಸುವಂತೆ ಕಣ್ಣಿಗೆ ತೋರುತ್ತದೆ. ಗುಬ್ಬಿ ಬಾಣದಂತೆ ಹೋದ ಹಾಗೆ ಕಾಣುತ್ತದೆ, ಹದ್ದು ತೇಲಿದ ಹಾಗೆ. ಜೊತೆಗೆ, ತನ್ನತ್ತಲೇ ಬರುವ ವಸ್ತು ಪಕ್ಕಕ್ಕೆ ಸರಿಯುವುದಿಲ್ಲ. ಮೆಲ್ಲಮೆಲ್ಲನೆ ಹಿಗ್ಗುತ್ತದೆ, ಕೊನೆಯ ಕ್ಷಣದಲ್ಲಿ ಥಟ್ಟನೆ ಬೆಳೆದುಬಿಡುತ್ತದೆ. ‘ಇನ್ನೂ ದೂರ ಐತಿ, ಹೊಡಿ ಹೊಡಿ’ ಎನ್ನುವವನು ಕುರುಡನಲ್ಲ. ಅವನ ಕಣ್ಣು ಅವನಿಗೆ ಹೇಳುವುದೇ ಹಾಗೆ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರು ಬರುತ್ತದೆ. ಅರ್ಧ ಕಿಲೋಮೀಟರಿಗೆ 18 ಸೆಕೆಂಡು. ಬೈಲಹೊಂಗಲ, ಎಂ.ಕೆ. ಹುಬ್ಬಳ್ಳಿಗಳ ಕಡೆ ಸುಗ್ಗಿಯಲ್ಲಿ ಕಬ್ಬು ಹೊರುವ ಟ್ರ್ಯಾಕ್ಟರನ್ನು ನೆನೆಯಿರಿ. ಹಿಂದೆ ಎರಡು ಟ್ರೇಲರು ಕಟ್ಟಿದರೆ ಅದರ ಉದ್ದ ಸುಮಾರು 15 ಮೀಟರು. ಜೋಡಿ ಹಳಿಯನ್ನು ಪೂರ್ತಿ ದಾಟಲು ಇನ್ನು ಹತ್ತು ಮೀಟರು ಬೇಕು. ಗಂಟೆಗೆ ಐದು ಕಿ.ಮೀ.ಯಂತೆ ತೆವಳುವ ಆ ಸವಾರಿಗೆ ಈ 25 ಮೀಟರು ದಾಟಲು ಹಿಡಿಯುವುದು ಅದೇ 18 ಸೆಕೆಂಡು. ರೈಲಿನ ಚಾಲಕ ಬ್ರೇಕು ಹಾಕಲಾರನೆ ಎಂದರೆ, ಹಾಕಬಲ್ಲ. ಆದರೆ ತುಂಬಿದ ಗಾಡಿ ಅರ್ಧ ಕಿಲೋಮೀಟರಿನಲ್ಲಿ ನಿಲ್ಲದು.

ವೇಗದ ಅಂದಾಜನ್ನು ಬಣ್ಣ ಕೊಡಲಾರದು. ದೀಪ ಸ್ವಲ್ಪ ಮಟ್ಟಿಗೆ ಕೊಡಬಲ್ಲದು. ಅಮೆರಿಕೆಯ ಎಂಜಿನುಗಳಲ್ಲಿ ಮೇಲಿನ ದೊಡ್ಡ ದೀಪದ ಜೊತೆಗೆ ಕೆಳಗೆ ಎಡಬಲಕ್ಕೆ ಎರಡು ದೀಪಗಳಿರುತ್ತವೆ. 1997ರ ಕೊನೆಯ ಹೊತ್ತಿಗೆ ಈ ಏರ್ಪಾಡು ಅಲ್ಲಿ ಕಡ್ಡಾಯವಾಯಿತು. ಮೂರು ದೀಪಗಳ ತ್ರಿಕೋನ ದೂರದಲ್ಲಿ ಒಂದೇ ಚುಕ್ಕೆ. ಹತ್ತಿರವಾದಂತೆ ಅದು ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚುವಿಕೆಯೇ ನೋಡುವವನಿಗೆ ಅಳತೆಗೋಲು. ಹಳದಿಯ ತವರಾದ ಬ್ರಿಟನ್ನಿನಲ್ಲಿಯೂ 2016ರಿಂದ, ತಕ್ಕ ಪ್ರಖರತೆಯ ದೀಪಗಳಿದ್ದರೆ ಹಳದಿ ಮೋರೆ ಬೇಕೇಬೇಕೆಂಬ ಕಟ್ಟಳೆ ಇಲ್ಲ.

ನಮ್ಮ ಕಾಯದೆಯಂತೂ ಕಣ್ಣನ್ನು ನಂಬಿಯೇ ಇಲ್ಲ. 1988ರ ಮೋಟಾರು ವಾಹನ ಕಾಯದೆಯ 131ನೆಯ ಕಲಮಿನ ಪ್ರಕಾರ, ಕಾವಲಿಲ್ಲದ ದಾಟಿನಲ್ಲಿ ಬಂಡಿಯನ್ನು ನಿಲ್ಲಿಸಬೇಕು. ಕಂಡಕ್ಟರನೋ ಕ್ಲೀನರನೋ ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆ ನೋಡಿ, ಬಂಡಿಯನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಎಷ್ಟು ಜನ ಇಳಿದರೆಂಬುದನ್ನು ಕೇಳುವುದು ಬೇಡ. 2014ರ ಜುಲೈಯಲ್ಲಿ ತೆಲಂಗಾಣದ ಮೇದಕ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಶಾಲೆಯ ಬಸ್ಸಿಗೆ ರೈಲು ಬಡಿಯಿತು. 2018ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಕುಶೀನಗರದಲ್ಲಿ ಮತ್ತೆ ಅದೇ ಬಗೆ. 13 ಮಕ್ಕಳು ಹೋದರು. ಎಲ್ಲ ದಾಟುಗಳನ್ನೂ ಐದು ವರ್ಷದಲ್ಲಿ ತೆಗೆದುಹಾಕಬೇಕೆಂದು ಅನಿಲ ಕಾಕೋಡ್ಕರ್ ಸಮಿತಿ 2012ರಲ್ಲಿಯೇ ಹೇಳಿತ್ತು. 2019ರ ಜನವರಿ ಮುಗಿಯುವುದರೊಳಗೆ ಬ್ರಾಡ್ ಗೇಜ್ ದಾರಿಗಳಲ್ಲಿ ಕಾವಲಿಲ್ಲದ ದಾಟುಗಳೇನೋ ಇಲ್ಲವಾದವು. ಕಾವಲಿರುವ ಗೇಟುಗಳು ಉಳಿದವು.

ಉಳಿದ ಗೇಟುಗಳಲ್ಲಿ ಒಳ್ಳೆಯವು ಸಿಗ್ನಲಿನೊಂದಿಗೆ ಬೆಸೆದವು: ಗೇಟು ಬೀಳದೆ ರೈಲಿಗೆ ಸಿಗ್ನಲು ಬಿಡದು. ಅಲ್ಲಿ ಎಂಜಿನಿಗೆ ಯಾವ ಬಣ್ಣವಿದ್ದರೂ ನಡೆದೀತು, ದಾಟುವವನಿಗೆ ತಾಳ್ಮೆಯೊಂದಿದ್ದರೆ. ಆದರೆ ಅಡ್ಡಕಂಬದ ಕೆಳಗೆ ಸೈಕಲು, ಮೋಟಾರ್ ಸೈಕಲುಗಳನ್ನು ಓರೆಮಾಡಿ ನುಸುಳುವ ವಿದ್ಯೆ ನಮ್ಮ ಕಡೆ ಎಲ್ಲ ವಯಸ್ಸಿನವರಿಗೂ ಕರಗತವಾಗಿದೆ. ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಮಾರ್ಗವು 2023ರ ಫೆಬ್ರವರಿಯಲ್ಲಿ ಲೋಕಾರ್ಪಣೆಯಾದ ಮೇಲೆ ಈ ನುಸುಳುವಿಕೆಗೆ ಹೊಸ ಗಂಡಾಂತರವೊಂದು ಕೂಡಿಕೊಂಡಿದೆ. ಒಂದು ಗಾಡಿಯ ಬಾಲ ಹೋಯಿತೆಂದು ಕಾಲಿಟ್ಟವನಿಗೆ, ಆ ಬಾಲದ ಮರೆಯಲ್ಲಿ ಎದುರು ದಿಕ್ಕಿನಿಂದ ಬರುವ ಎರಡನೆಯ ಗಾಡಿ ಹಳದಿಯಾದರೇನು, ಕಿತ್ತಳೆಯಾದರೇನು, ಕಾಣುವುದಿಲ್ಲ.

ಈಗ ರೈಲು ಕಿತ್ತೂರಿಗೇ ಬರುವ ಮಾತಿದೆ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಸುಮಾರು 73 ಕಿ.ಮೀ. ಉದ್ದದ ನೇರ ದಾರಿಯ ಯೋಜನೆ, 2019ರಲ್ಲಿ ರೈಲ್ವೆ ರಾಜ್ಯ ಸಚಿವರಾಗಿ 2020ರಲ್ಲಿ ತೀರಿಕೊಂಡ ಸುರೇಶ ಅಂಗಡಿಯವರ ಕಾಲದಲ್ಲಿ ಮುಂದೆ ಬಂದಿತು. ಫಲವತ್ತಾದ ಹೊಲಗಳು ಹೋಗುತ್ತವೆಂದು ರೈತರ ತಕರಾರೂ ಎದ್ದಿತು. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ಇನ್ನೊಂದು ದಾರಿ ಬೇಕೆಂಬ ಬೇಡಿಕೆಯೂ ಹಳೆಯದೇ. ಹೊಸ ದಾರಿಗಳನ್ನು ಇಂದು ಗೇಟಿಲ್ಲದೆಯೇ ಕಟ್ಟುವುದು ಕ್ರಮ. ರಸ್ತೆ ಹಳಿಯ ಮೇಲೆ ಹಾಯುತ್ತದೆ, ಇಲ್ಲವೆ ಕೆಳಗೆ. ಹೊಲಗಳ ನಡುವೆ ಬಹುತೇಕ ಕೆಳಗೇ.

ಹಾಗೆ ಕಟ್ಟಿದ ಕೆಳದಾರಿಗಳು ಬೇರೆ ಕಡೆಗಳಲ್ಲಿ ಮಳೆಗಾಲಕ್ಕೆ ಕೆರೆಯಾಗುವುದನ್ನು ಎಲ್ಲರೂ ನೋಡಿದ್ದಾರೆ. ಎರೆಮಣ್ಣು ನೀರನ್ನು ಬೇಗ ಇಂಗಗೊಡದು. ಸೊಂಟದ ಮಟ್ಟದ ನೀರಿಗೆ ಎತ್ತು ಇಳಿಯದು, ಜನ ಏರಿಯನ್ನು ಹತ್ತಿ ಹಳಿಯನ್ನೇ ದಾಟುತ್ತಾರೆ. ಅಲ್ಲಿ ಗೇಟಿಲ್ಲ, ಗೇಟಿನವನೂ ಇಲ್ಲ. ಕಿತ್ತೂರು ಸೀಮೆಯ ಹಳ್ಳಿಗಳವರು ಅಳತೆಯ ಸರಪಳಿ ಹಿಡಿದು ಬರುವವರನ್ನು ಎಂಜಿನಿನ ಬಣ್ಣದ ಮಾತು ಕೇಳಬೇಕಾಗಿಲ್ಲ. ಕಬ್ಬು ಹೇರಿದ ಟ್ರೇಲರು ಹಾಯುವಷ್ಟು ಎತ್ತರವಿದೆಯೆ, ನೀರು ಹರಿದುಹೋಗಲು ಹಳ್ಳದವರೆಗೆ ಗಟಾರವಿದೆಯೆ, ಎಲ್ಲಮ್ಮನ ಚಕ್ಕಡಿಗಳ ಹಳೆಯ ಜಾಡು ನಕಾಶೆಯಲ್ಲಿ ಬಿದ್ದಿದೆಯೆ ಎಂದು ಕೇಳಬೇಕು. ಕೇಳುವ ಕಾಲ ಈಗಿನದು, ಏರಿಗೆ ಮಣ್ಣು ಬೀಳುವುದಕ್ಕೆ ಮೊದಲು.