ಬೆಕ್ಕು ಮನೆಯಲ್ಲೇ ಇರಲಿ

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಯಾರಾದರೂ ಊರಿಗೆ ಹೊರಟರೆ ಅವರ ಮನೆಯ ಬೀಗದ ಕೈ ನನ್ನ ಹತ್ತಿರ ಬರುತ್ತದೆ. "ಅಕ್ಕಾ, ಮದುವೆ ಮುಗಿಸ್ಕೊಂಡು ಬರ್ತೀವಿ, ನಮ್ಮ ಬೆಕ್ಕನ್ನ ನೋಡ್ಕೊಳ್ರಿ" ಅಂದರೆ ಸಾಕು, ನನಗೆ ಹಬ್ಬ. ಕೆಲವರಿಗೆ ಹೂವಿನ ಗಿಡ, ಕೆಲವರಿಗೆ ರಂಗೋಲಿ, ನನಗೆ ಇದು. ಯಜಮಾನರಿಲ್ಲದ ಮನೆಯಲ್ಲಿ ದಿಗಿಲುಬಿದ್ದು ಮಂಚದಡಿ ಸೇರಿದ ಬೆಕ್ಕು ಮೆಲ್ಲಗೆ ಹೊರಗೆ ಬಂದು, ಮೈ ಮುರಿದು, ನನ್ನ ಎದುರಿಗೇ ಮುಖ ತೊಳೆಯಲು ಕೂರುವ ಗಳಿಗೆಯನ್ನು ನಾನು ಬೇರೆ ಯಾವ ಸುಖಕ್ಕೂ ಬದಲು ಕೊಡಲಾರೆ.

ನಮ್ಮ ಸೀಮೆಗೂ ಬೆಕ್ಕಿಗೂ ಹಳೆಯ ನಂಟು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಮೊಳಕಾಲ್ಮುರಿನಲ್ಲಿ ರೇಷ್ಮೆ ನೂಲನ್ನು ಇಲಿ ಕಡಿದರೆ ನೇಕಾರನ ದುಡಿಮೆ ಮಣ್ಣುಪಾಲು. ಹೀಗೆ ಬೆಕ್ಕು ಇಲ್ಲಿ ಮನೆಯ ಕೆಲಸಕ್ಕೆ ನಿಂತ ಪ್ರಾಣಿ. ಅದಕ್ಕೇ ಇರಬೇಕು, "ನಾಯಿಗೆ ಯಜಮಾನ ಬೇಕು, ಬೆಕ್ಕಿಗೆ ಮನೆ ಇದ್ದರೆ ಸಾಕು" ಎಂದು ಹಿರಿಯರು ಮಾತು ಮುಗಿಸಿಬಿಡುತ್ತಾರೆ.

ಆ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕಿದವರು ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳಿದಾಗ ಬೆಕ್ಕಿನ ಮರಿಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿದರು. ನೂರಕ್ಕೆ ಸುಮಾರು 64ರಷ್ಟು ಮರಿಗಳು ಅವರನ್ನು ಕಂಡೊಡನೆ ನಿರಾಳವಾಗಿ, ಮತ್ತೆ ಧೈರ್ಯದಿಂದ ಕೋಣೆ ಸುತ್ತಿದವು. ತಾಯಿಯ ಜೊತೆ ಕೂಸಿಗೆ ಇರುವಂಥ ನೆಚ್ಚಿಕೆ ಅದು. 2013ರಲ್ಲಿ ಜಪಾನಿನ ಅತ್ಸುಕೊ ಸೈತೊ ಅವರು ಬೆಕ್ಕುಗಳಿಗೆ ಅಪರಿಚಿತರ ದನಿಯ ನಡುವೆ ಒಡೆಯರ ದನಿಯನ್ನೂ ಕೇಳಿಸಿದರು. ಬೆಕ್ಕುಗಳು ಒಡೆಯರ ದನಿ ಗುರುತಿಸಿ ಕಿವಿ ತಿರುಗಿಸಿದವು, ತಲೆ ಹೊರಳಿಸಿದವು. ಎದ್ದು ಮಾತ್ರ ಬರಲಿಲ್ಲ. ಬೆಕ್ಕಿನ ಪ್ರೀತಿ ಇರುವುದೇ ಹಾಗೆ, ಕಿವಿಯ ತುದಿಯಲ್ಲಿ. ನೋಡಲು ತಾಳ್ಮೆ ಬೇಕು.

ಅದರ ಸಂಕಟವೂ ಅಷ್ಟೇ ಸದ್ದಿಲ್ಲದ್ದು. ಉಣ್ಣದೆ ಮೂಲೆ ಹಿಡಿಯುವುದು, ಬಾಗಿಲ ಬಳಿ ಕೂತು ಕೂಗುವುದು, ಒಂದೇ ಕಡೆ ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಳ್ಳುವುದು. ಕೆಲವು ಬೆಕ್ಕು ಒಡೆಯರ ಹಾಸಿಗೆಯ ಮೇಲೇ ಉಚ್ಚೆ ಹೊಯ್ಯುತ್ತವೆ. ಊರಿಂದ ಬಂದವರು ಇದನ್ನು ಹಗೆ ಎಂದು ತಿಳಿದು ಹೊಡೆಯುತ್ತಾರೆ. ಅಗಲಿಕೆಯ ಕಳವಳದ ಬೆಕ್ಕುಗಳನ್ನು ಕುರಿತು 2002ರಲ್ಲಿ ಪಶುವೈದ್ಯೆ ಸ್ಟೆಫನಿ ಶ್ವಾರ್ಟ್ಜ್ ಬರೆದಾಗ ಈ ಹಾಸಿಗೆಯ ಲಕ್ಷಣವನ್ನೇ ಮುಖ್ಯವಾಗಿ ಗುರುತಿಸಿದ್ದರು. ಒಡೆಯರ ವಾಸನೆ ಹೆಚ್ಚಾಗಿರುವ ಕಡೆ ತನ್ನ ವಾಸನೆಯನ್ನೂ ಸೇರಿಸಿ ಬೆಕ್ಕು ಧೈರ್ಯ ತಂದುಕೊಳ್ಳುತ್ತದೆ ಎಂದು ನನಗನ್ನಿಸುತ್ತದೆ. ಹೊಡೆತದಿಂದ ದಿಗಿಲು ಇಮ್ಮಡಿಯಾಗುತ್ತದೆ, ಅಷ್ಟೇ.

ಹಾಗಾಗಿ ನನ್ನ ಕೆಲಸ ವಾಸನೆಯಿಂದಲೇ ಶುರು. ಹೊರಡುವವರಿಗೆ ನಾನು ಮೊದಲು ಕೇಳುವುದು, "ನೀವು ಹೊದ್ದ ಕಂಬಳಿ ಒಗೀಬೇಡಿ, ಹಾಗೇ ಬಿಟ್ಟುಹೋಗಿ." ಚಳ್ಳಕೆರೆಯ ಕಂಬಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ ಕುಡಿದ ಎಳೆ, ಅದರ ಮೇಲೆ ಮನೆಯವರ ಮೈ ವಾಸನೆ. ಬೆಕ್ಕು ಅದರ ಮೇಲೆ ಮುಂಗಾಲಿನಿಂದ ಒಂದಾದ ಮೇಲೊಂದು ಒತ್ತುತ್ತದೆ, ಮರಿಯಾಗಿದ್ದಾಗ ತಾಯಿಯ ಕೆಚ್ಚಲು ಒತ್ತಿದ ಅದೇ ಲಯದಲ್ಲಿ. ಆಮೇಲೆ ಸುರುಳಿಯಾಗಿ ಮಲಗುತ್ತದೆ. ಮಗ್ಗುಲಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಇಡುತ್ತೇನೆ. ಉಟ್ರೆಕ್ಟ್‌ನ ಸಂಶೋಧಕರು 2014ರಲ್ಲಿ ತೋರಿಸಿದಂತೆ, ಹೊಸದಾಗಿ ಆಶ್ರಯಧಾಮಕ್ಕೆ ಬಂದ ಬೆಕ್ಕುಗಳಲ್ಲಿ ಅವಿತುಕೊಳ್ಳಲು ಪೆಟ್ಟಿಗೆ ಸಿಕ್ಕವು ಬೇಗ ಚೇತರಿಸಿಕೊಂಡವು. ಅವಿತ ಬೆಕ್ಕುಗಳನ್ನು ಎಳೆಯಬಾರದು. ಅವಿತಿರುವುದೇ ಅವುಗಳ ಔಷಧಿ.

ವಾಸನೆಯಾದ ಮೇಲೆ ಹೊತ್ತು ಮತ್ತು ಸದ್ದು. ಇದನ್ನು ನಾನು ಕಲಿತದ್ದು ಮೊಳಕಾಲ್ಮುರಿನಲ್ಲಿ, ತಂಗಿಯ ಪಕ್ಕದ ಮಗ್ಗದ ಮನೆಯಲ್ಲಿ. ಅಲ್ಲಿನ ಬೆಕ್ಕಿಗೆ ಗುಂಡಿ ಮಗ್ಗದ ಸದ್ದೇ ಗಡಿಯಾರ. ಲಾಳಿ ಓಡುವಾಗ ನಿದ್ದೆ, ಮಗ್ಗ ನಿಂತಾಗ ಊಟ. ಮನೆಯವರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ನೆಂಟರಲ್ಲಿಗೆ ಹೋದಾಗ ಮಗ್ಗ ಮೌನವಾಯಿತು. ಬೆಕ್ಕು ಮಗ್ಗದ ಗುಂಡಿಗಿಳಿದು ಕೂತಿತು. ನಾನು ಮಗ್ಗ ನೇಯಲಾರೆ. ಆದರೆ ಮಗ್ಗ ನಿಲ್ಲುವ ಹೊತ್ತಿಗೇ ತಟ್ಟೆ ಇಡಬಲ್ಲೆ, ಅವರಂತೆಯೇ ರೇಡಿಯೊ ಹಚ್ಚಬಲ್ಲೆ, ಸಂಜೆ ಅದೇ ದೀಪ ಹೊತ್ತಿಸಬಲ್ಲೆ. ಅಷ್ಟು ಮಾಡಿದ್ದಕ್ಕೆ ಅದು ಗುಂಡಿಯಿಂದ ಹತ್ತಿ ಬಂತು. ಬೆಕ್ಕು ಹೆದರುವುದು ಒಂಟಿತನಕ್ಕಿಂತ ಹೆಚ್ಚಾಗಿ ದಿನದ ಕಟ್ಟು ಮುರಿದದ್ದಕ್ಕೆ ಎಂದು ಅವತ್ತು ಮನದಟ್ಟಾಯಿತು.

ಮಗ್ಗದ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಕಂಡಿಕೆ, ಬಿಡಿ ಎಳೆ, ಜರಿಯ ತುಣುಕು ಒಂದೂ ನೆಲದಲ್ಲಿ ಉಳಿಯಬಾರದು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿವೆ. ಬಾಯಿಗೆ ಹೋದ ದಾರ ಉಗುಳಲಾಗದೆ ಒಳಗೇ ಜಾರುತ್ತದೆ, ಕರುಳನ್ನು ನೆರಿಗೆ ಕಟ್ಟಿಸಿ ಕೊಯ್ಯುತ್ತದೆ. ದಿಗಿಲುಬಿದ್ದ ಬೆಕ್ಕು ಏನನ್ನಾದರೂ ಜಗಿಯಲು ಹುಡುಕುವುದರಿಂದ ಈ ಅಪಾಯ ಇನ್ನೂ ಹೆಚ್ಚು.

ಇಷ್ಟೆಲ್ಲ ಆದ ಮೇಲೆ ನನಗೆ ತೀರಾ ಪ್ರಿಯವಾದ ಭಾಗ: ಸುಮ್ಮನೆ ಕೂರುವುದು. ನೆಲದ ಮೇಲೆ, ಗೋಡೆಗೊರಗಿ, ಬೆಕ್ಕಿಗೆ ಮಗ್ಗುಲಾಗಿ. ಕರೆಯುವುದಿಲ್ಲ, ಕೈ ಚಾಚುವುದಿಲ್ಲ. ಮಡಿಲಲ್ಲಿ ಒಂದಿಷ್ಟು ಶೇಂಗಾ ಸುಲಿಯುತ್ತ ಕೂತರೆ ಸಿಪ್ಪೆ ಒಡೆಯುವ ಚಟಚಟ ಸದ್ದಿಗೆ ಕುತೂಹಲದಿಂದ ಒಂದು ಮೂತಿ ಹೊರಬರುತ್ತದೆ. ಕಣ್ಣು ಕೂಡಿದಾಗ ರೆಪ್ಪೆಯನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತೇನೆ. ಇದು ಬರೀ ನಮ್ಮ ನಂಬಿಕೆಯಲ್ಲ. ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಪರೀಕ್ಷಿಸಿ, ಹೀಗೆ ಕಣ್ಣು ಮುಚ್ಚಿ ತೆರೆದ ಅಪರಿಚಿತರ ಹತ್ತಿರವೂ ಬೆಕ್ಕುಗಳು ಹೆಚ್ಚಾಗಿ ಬರುತ್ತವೆ ಎಂದು ಕಂಡರು. ಅದೂ ರೆಪ್ಪೆ ಇಳಿಸಿ ಉತ್ತರ ಕೊಟ್ಟಿತೆಂದರೆ ನಮ್ಮಿಬ್ಬರ ಒಪ್ಪಂದ ಮುಗಿಯಿತು. ಒಡೆಯರ ಫೋನ್ ಬಂದಾಗ ದನಿ ಕೇಳಿಸುವುದುಂಟು. ಕೆಲವು ಬೆಕ್ಕು ಹಿಗ್ಗಿ ಮೊಬೈಲಿಗೆ ಕೆನ್ನೆ ಉಜ್ಜುತ್ತವೆ. ಕೆಲವು ಮನೆಯೆಲ್ಲ ಹುಡುಕಿ ಕಂಗಾಲಾಗುತ್ತವೆ. ಕಂಗಾಲಾಗುವ ಬೆಕ್ಕಿಗೆ ಆ ದನಿ ಬೇಡ.

ಊಟ ಮನೆಯಲ್ಲಿ ಹಾಕುತ್ತಿದ್ದುದೇ ಇರಬೇಕು. ಮುದ್ದಿಗೆಂದು ಹೊಸ ತಿನಿಸು ಕೊಟ್ಟರೆ ಹೊಟ್ಟೆ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೆಕ್ಕಿಗೆ ವಿಷ. ನಮ್ಮ ಬಿಸಿಲಿಗೆ ನೀರಿನ ಮಣ್ಣಿನ ಬಟ್ಟಲು ಎರಡು ಮೂರು ಕಡೆ ಬೇಕು. ಎರಡು ದಿನ ಏನೂ ಮುಟ್ಟದಿದ್ದರೆ ಯಕೃತ್ತು ಕೆಡಬಹುದು. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬಾರದಿದ್ದರೆ ಅದು ಪ್ರಾಣದ ಮಾತು. ಅಂಥ ಹೊತ್ತಿನಲ್ಲಿ ಸಮಾಧಾನ ಮಾಡುತ್ತ ಕೂರದೆ ಪಶುವೈದ್ಯರ ಬಳಿ ಓಡಬೇಕು.

ಒಡೆಯರು ಮರಳಿದ ಮೊದಲ ಗಳಿಗೆಯನ್ನೂ ಕಾಯಬೇಕು. ನಾಯಕನಹಟ್ಟಿ ಜಾತ್ರೆಯಲ್ಲಿ ಹರಕೆಯ ಕೊಬ್ಬರಿ ಸುಡುತ್ತಾರೆ. ಆ ಹೊಗೆ ಸೀರೆ, ಪಂಚೆ, ಕೂದಲಿಗೆಲ್ಲ ಹತ್ತಿರುತ್ತದೆ. ಓಡಿ ಬಂದ ಬೆಕ್ಕು ಮೂಸಿ ಹಿಂದೆ ಸರಿದರೆ ಮನೆಯವರಿಗೆ ಮನಸ್ಸು ಮುರಿಯುತ್ತದೆ. "ಮರೆತಿಲ್ಲ ಕಣ್ರೀ, ಕೈಕಾಲು ತೊಳ್ಕೊಂಡು ನಿಮ್ಮ ಕಂಬಳಿ ಮೇಲೆ ಕೂತ್ಕೊಳ್ರಿ" ಅನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಬಾಲ ನೆಟ್ಟಗಾಗುತ್ತದೆ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ, ಅದಕ್ಕೆ ಎಲ್ಲಿದ್ದರೇನು ಎಂದು ವಾದಿಸುವವರಿದ್ದಾರೆ. ಆ ಏಳು ಮನೆಯೂ ಅದು ತಾನೇ ಮೂಸಿ ನೋಡಿ ಆರಿಸಿಕೊಂಡದ್ದು. ಚೀಲದಲ್ಲಿ ಕಟ್ಟಿ ನೆಂಟರ ಮನೆಗೆ ಒಯ್ಯುವುದೇ ಬೇರೆ. ಮುಂದಿನ ಸಲ ಮದುವೆಗೋ ಜಾತ್ರೆಗೋ ಹೊರಡುವಾಗ ಬೆಕ್ಕನ್ನು ಅದರ ಮನೆಯಲ್ಲೇ ಬಿಡಿ. ನೀವು ಹೊದ್ದ ಕಂಬಳಿಯನ್ನು ಒಗೆಯದೆ ಬಿಡಿ, ಊಟದ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ದಿನವೂ ಬಂದು ಒಂದಿಷ್ಟು ಹೊತ್ತು ಸುಮ್ಮನೆ ಕೂರಬಲ್ಲ ನೆರೆಯವರೊಬ್ಬರಿಗೆ ಬೀಗದ ಕೈ ಕೊಟ್ಟುಹೋಗಿ.